ಬೆಟ್ಟದ ಮೇಲೆ ಕೂರಿಸಿದ ಹುಡುಗಿ

ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಬಾಗಿಲ ಬಳಿ ಇಳಿಸಿ, "ಮಮ್ಮಿ, ನನ್ನ ಸೆಲೆಕ್ಟ್ ಮಾಡಿದ್ರು" ಎಂದಳು. ಯಾತಕ್ಕೆಂದು ಕೇಳುವ ಮೊದಲೇ ನನಗೆ ಖುಷಿಯಾಗಿಬಿಟ್ಟಿತ್ತು. ಅವಳು ಆ ಶಾಲೆಗೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಮೊದಲಿನ ಇಂಡಿಯನ್ ಶಾಲೆಯ ಗೆಳತಿಯರನ್ನು ಬಿಟ್ಟು ಬಂದ ಮೇಲೆ ಮನೆಯಲ್ಲೂ ಮಾತು ಕಡಿಮೆ ಮಾಡಿದ್ದಳು. ಅಲ್ಲಿ ಯಾರಾದರೂ ಇವಳನ್ನು ಯಾವುದಕ್ಕಾದರೂ ಆರಿಸಲಿ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ.

ಎಂಟನೇ ತರಗತಿಯವರು ಹಳೆಯ ನಾಗರಿಕತೆಗಳ ಮೇಲೆ ಪ್ರದರ್ಶನ ಮಾಡುತ್ತಾರಂತೆ. ಒಂದು ಗುಂಪಿಗೆ ಈಜಿಪ್ಟ್, ಇನ್ನೊಂದಕ್ಕೆ ಹರಪ್ಪ, ಇವಳ ಗುಂಪಿಗೆ ಇಂಕಾ.

"ನಾನು ಇಂಕಾ ಹುಡುಗಿ. ಗ್ಲಾಸ್ ಬಾಕ್ಸ್ ಒಳಗ ಕೂಡೋದು. ಮೂವ್ ಆಗಬಾರ್ದು. ಎಲ್ಲಾರೂ ಟ್ರೈ ಮಾಡಿದ್ರು, ಮಿಸ್ ನನ್ನೇ ಪಿಕ್ ಮಾಡಿದ್ರು."

"ನಿನ್ನೇ ಯಾಕ?"

"ಲಾಂಗ್ ಹೇರ್ ಐತಲ್ಲ. ಮತ್ತ ಫೇಸ್ ಕಾಮ್ ಐತಂತ."

ಅವಳಿಗೆ ಆಗಷ್ಟೇ ಹದಿಮೂರು ತುಂಬಿತ್ತು. ನಮಗೆ ಇರುವವಳು ಅವಳೊಬ್ಬಳೇ. ನಾನು ಕೂಡಲೇ ಬಾಗಲಕೋಟೆಗೆ, ನನ್ನ ಅವ್ವನಿಗೆ ಫೋನು ಮಾಡಿದೆ. ಇಂಕಾ ಅಂದರೆ ಯಾರೆಂದು ಅವ್ವನಿಗೆ ಹೇಗೆ ಹೇಳುವುದು? ಅಮೆರಿಕದ ಕಡೆಯ ಹಳೇ ಕಾಲದ ರಾಜರು ಎಂದೆ. "ಹಂಗಂದ್ರ ನಮ್ಮ ಹುಡುಗಿ ರಾಜಕುಮಾರಿ ಆಗ್ಯಾಳ ಅನ್ನು" ಎಂದಳು ಅವ್ವ. ನಾನೂ ಹಾಗೆಂದೇ ತಿಳಿದಿದ್ದೆ. ನಿಜ ಹೇಳಬೇಕೆಂದರೆ, ಇಂಕಾ ಎಂದರೆ ಬಂಗಾರ, ಕಲ್ಲಿನ ಗೋಡೆ, ಬೆಟ್ಟದ ಮೇಲಿನ ಊರು ಎನ್ನುವುದಕ್ಕಿಂತ ಹೆಚ್ಚು ನನಗೆ ಏನೂ ಗೊತ್ತಿರಲಿಲ್ಲ. ನಾನು ಈ ಗಲ್ಫ್ ಊರಿನ ಬಿನ್ ಮಹಮೂದ್‌ನ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ತೆಗೆಯುವವಳು. ನಮ್ಮವರು ರಸ್ತೆ, ಸೇತುವೆ ಕಟ್ಟುವ ಕಂಪನಿಯಲ್ಲಿ ಸಿವಿಲ್ ಎಂಜಿನಿಯರ್. ಬೆಳಿಗ್ಗೆ ಎದ್ದರೆ ಡಬ್ಬಿ ಕಟ್ಟಬೇಕು, ಮನೆಯಿರುವ ಅಲ್ ಥುಮಾಮಾದಿಂದ ಊರೊಳಗೆ ಹೋಗುವ ಟ್ರಾಫಿಕ್ಕಿನಲ್ಲಿ ನಿಲ್ಲಬೇಕು. ಇಂಕಾಗಳ ಬಗ್ಗೆ ಓದುವ ಕಾರಣ ನಮಗೆ ಬಂದಿರಲಿಲ್ಲ.

ಟೀಚರ್ ಒಂದು ಫೋಟೋ ಕಳಿಸಿದ್ದರು. ಹಿಂದಿನಿಂದ ತೆಗೆದದ್ದು. ತೆಳ್ಳಗಿನ ಹುಡುಗಿಯ ತಲೆ, ಎಳೆಎಳೆಯಾಗಿ ಹೆಣೆದ ಬಹಳಷ್ಟು ಸಣ್ಣ ಜಡೆಗಳು, ಭುಜದ ಮೇಲೆ ಕಂದು ಬಣ್ಣದ ಬಟ್ಟೆ. ಯಾವುದೋ ಗೊಂಬೆಯ ಚಿತ್ರವಿರಬೇಕು ಎಂದುಕೊಂಡೆ. ಕ್ಲಿನಿಕ್ಕಿನ ಹಿಂದಿನ ಓಣಿಯ ಅಂಗಡಿಯಲ್ಲಿ ಅಂಥದೇ ಬಣ್ಣದ ಬಟ್ಟೆ ಹುಡುಕಿ, ಅಲ್ಲೇ ದರ್ಜಿಯ ಹತ್ತಿರ ನಿಲುವಂಗಿ ಹೊಲಿಸಿದೆ. ಬಿಳಿ ಗರಿಗಳ ಕಿರೀಟವನ್ನು ಮಗಳೇ ಮಾಡಿಕೊಂಡಳು. ಸಂಜೆ ಸೋಫಾದ ಮೇಲೆ ಕಾಲು ಮಡಿಚಿ, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಕೂರುವ ಅಭ್ಯಾಸ ನಡೆಯುತ್ತಿತ್ತು. ಅವರಪ್ಪ ಮೂಗಿನ ಹತ್ತಿರ ಗರಿ ಆಡಿಸಿದರೂ ಅವಳು ಮಿಸುಕಾಡುತ್ತಿರಲಿಲ್ಲ.

"ಹಿಂಗ ಕುಂತ್ರ ಯೋಗಕ್ಕಾದ್ರೂ ಸೇರಿಸಬಹುದಲ್ಲ ಇಕಿನ್ನ" ಎಂದು ಅವರು ನಗುತ್ತಿದ್ದರು.

ಪ್ರದರ್ಶನದ ದಿನ ನಸುಕಿನಲ್ಲೇ ಎಬ್ಬಿಸಿ ಜಡೆ ಹೆಣೆಯಲು ಕೂತೆ. ಹೆಣೆದೆ, ಹೆಣೆದೆ, ಬೆರಳು ನೋಯುವವರೆಗೆ ಹೆಣೆದೆ. ಅವಳು ನಿದ್ದೆಗಣ್ಣಿನಲ್ಲಿ ನನ್ನ ಮೊಣಕಾಲಿಗೆ ಒರಗಿದ್ದಳು. ಮುಗಿದ ಮೇಲೆ ನಿಲುವಂಗಿ ಹಾಕಿಸಿ, ದೃಷ್ಟಿಯಾಗದಿರಲಿ ಎಂದು ಕಿವಿಯ ಹಿಂದೆ ಕಾಡಿಗೆ ಹಚ್ಚಿ, ಫೋಟೋ ತೆಗೆದು ಮನೆಯವರ ಗುಂಪಿಗೆಲ್ಲ ಕಳಿಸಿದೆ. ಊರಿನಿಂದ ಅತ್ತೆ, ಚಿಕ್ಕವ್ವ, ನಾದಿನಿ ಎಲ್ಲರೂ ಹೊಗಳಿ ಬರೆದರು.

ಬೆಳಗಿನ ಪಾಳಿ ಮುಗಿಸಿ ನಾನು ಶಾಲೆಗೆ ಹೋದಾಗ ಹಾಲ್ ತುಂಬಿತ್ತು. ಹೊರಗೆ ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೆ ಒಳಗೆ ಎ.ಸಿ. ಥಂಡಿ ಮೈ ಕೊರೆಯುವಂತಿತ್ತು. ಪಿರಮಿಡ್ಡು ದಾಟಿ, ಹರಪ್ಪದ ಸ್ನಾನದ ಕೊಳ ದಾಟಿ ಹೋದೆ. ಹಾಲಿನ ಮೂಲೆಯಲ್ಲಿ ರಟ್ಟಿನಿಂದ ಮಾಡಿದ ದೊಡ್ಡ ಬೆಟ್ಟ, ಅದರ ತುದಿಗೆ ಹತ್ತಿಯ ಹಿಮ, ಬುಡದಲ್ಲಿ ಪಾರದರ್ಶಕ ಹಾಳೆಯ ಪೆಟ್ಟಿಗೆ. ಪೆಟ್ಟಿಗೆಯೊಳಗೆ ನನ್ನ ಮಗಳು. ಅಭ್ಯಾಸ ಮಾಡಿದ ಹಾಗೆಯೇ ಕೂತಿದ್ದಳು. ತಲೆ ಒಂದು ಬದಿಗೆ ಬಾಗಿತ್ತು, ಕೈಗಳು ಮಡಿಲಲ್ಲಿದ್ದವು. ತಂದೆತಾಯಿಗಳು ಸಾಲಾಗಿ ಬಂದು ಪೆಟ್ಟಿಗೆಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನ್ನ ಎದೆ ಉಬ್ಬಿತು. ನಾನೂ ಮೊಬೈಲು ತೆಗೆದು, ಫ್ರೇಮಿನಲ್ಲಿ ಪಕ್ಕದ ಫಲಕವೂ ಬರಲಿ ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಆಗ ಫಲಕವನ್ನು ಓದಿದೆ.

ಮಕ್ಕಳು ಅಚ್ಚಿನಂತೆ ಬಿಡಿಸಿದ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಈ ಹುಡುಗಿಗೆ ಸುಮಾರು ಹದಿಮೂರು ವರ್ಷ. ಚೆಲುವೆ, ಮೈಯಲ್ಲಿ ಊನವಿಲ್ಲದವಳು ಎಂದು ಇವಳನ್ನು ಆರಿಸಿದರು. ಒಳ್ಳೆಯ ಊಟ ಹಾಕಿ ಬೆಳೆಸಿದರು. ಆಮೇಲೆ ಇಬ್ಬರು ಸಣ್ಣ ಮಕ್ಕಳ ಜೊತೆ ಹಿಮದ ಬೆಟ್ಟದ ತುದಿಗೆ ಕರೆದೊಯ್ದು, ಮೆಕ್ಕೆಜೋಳದ ಹೆಂಡ ಕುಡಿಸಿ, ನಿದ್ದೆ ಬಂದ ಮೇಲೆ ಗುಂಡಿಯಲ್ಲಿ ಕೂರಿಸಿ ಮುಚ್ಚಿದರು. ದೇವರಿಗೆ ಬಲಿ. ಐದು ಶತಮಾನ ಅವಳು ಆ ಥಂಡಿಯಲ್ಲಿ ಮೈ ಕೆಡದೆ ಹಾಗೆಯೇ ಕೂತಿದ್ದಳು.

ಇನ್ನೊಮ್ಮೆ ಓದಿದೆ. ಇಂಗ್ಲಿಷ್ ಅರ್ಥವಾಗದೆ ಅಲ್ಲ. ಫಲಕದ ಪಕ್ಕದಲ್ಲಿ ಟೀಚರ್ ಕಳಿಸಿದ್ದ ಅದೇ ಫೋಟೋ ಇತ್ತು, ಅದರ ಜೊತೆ ಮುಂದಿನಿಂದ ತೆಗೆದದ್ದೂ ಇತ್ತು. ಅದು ಗೊಂಬೆಯಾಗಿರಲಿಲ್ಲ. ತುಟಿ ಸ್ವಲ್ಪ ತೆರೆದಿತ್ತು. ಕೆನ್ನೆ ಕೆನ್ನೆಯ ಹಾಗೇ ಇತ್ತು. ಬಸ್ಸಿನಲ್ಲಿ ದಣಿದು ಮಲಗಿದ ಹುಡುಗಿಯರು ಹೇಗಿರುತ್ತಾರೋ ಹಾಗಿದ್ದಳು. ಬೆಳಿಗ್ಗೆ ನನ್ನ ಕೈ ಆ ಸತ್ತ ಹುಡುಗಿಯ ಜಡೆಗಳನ್ನು ಒಂದೊಂದಾಗಿ ನನ್ನ ಮಗಳ ತಲೆಯ ಮೇಲೆ ಹೆಣೆದಿತ್ತು.

ಟೀಚರ್ ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು. ಇಂಗ್ಲೆಂಡಿನಿಂದ ಬಂದ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಎಷ್ಟು ಚೆನ್ನಾಗಿ ಕೂತಿದ್ದಾಳೆ ನೋಡಿ. ಬೆಳಿಗ್ಗೆಯಿಂದ ಒಮ್ಮೆಯೂ ಅಲುಗಾಡಿಲ್ಲ" ಎಂದರು. ಅವರ ಮುಖದಲ್ಲಿ ಮೆಚ್ಚುಗೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಹೆಂಗಸು ಮುಂದೆ ಬಂದಳು. ಗಿಡ್ಡಗೆ, ದುಂಡು ಮುಖ, ನಮ್ಮಂಥದೇ ಮೈಬಣ್ಣ. ಮಗಳ ತರಗತಿಯಲ್ಲಿ ಓದುವ ಒಬ್ಬ ಹುಡುಗಿಯ ತಾಯಿ, ಅರ್ಜೆಂಟೀನಾದವಳು ಎಂದು ಗೊತ್ತಿತ್ತು. ಶಾಲೆಯ ಗೇಟಿನಲ್ಲಿ ನೋಡಿ ನಕ್ಕಿದ್ದು ಬಿಟ್ಟರೆ ಮಾತಾಡಿರಲಿಲ್ಲ. ಅವಳು ಫೋಟೋ ತೆಗೆಯಲಿಲ್ಲ. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಏನೋ ಮೆಲ್ಲಗೆ ಹೇಳಿದಳು. ಆಮೇಲೆ ಹಾಳೆಯನ್ನು ಪಕ್ಕಕ್ಕೆ ಸರಿಸಿ, ತಾನು ಹೊದ್ದಿದ್ದ ಶಾಲನ್ನು ತೆಗೆದು ನನ್ನ ಮಗಳ ಮೈಗೆ ಸುತ್ತಿದಳು. ಸುತ್ತುತ್ತಾ ಅವಳ ಕೈ ಹಿಡಿದವಳು, ತಲೆಯೆತ್ತಿ, "ಈ ಮಗುವಿನ ತಾಯಿ ಯಾರು? ಇವಳ ಮೈ ಥಂಡಿಯಾಗಿದೆ" ಎಂದಳು.

ನಾನು ಓಡಿದೆ. ಮಗಳ ಬೆರಳುಗಳು ಫ್ರಿಜ್ಜಿನಿಂದ ತೆಗೆದಂತಿದ್ದವು. ಉಗುರಿನ ಬುಡ ನೀಲಿಗಟ್ಟಿತ್ತು. ಎ.ಸಿ.ಯ ಗಾಳಿ ನೇರವಾಗಿ ಆ ಮೂಲೆಗೇ ಬೀಳುತ್ತಿತ್ತು, ಅವಳ ಮೈಮೇಲೆ ಇದ್ದದ್ದು ನಾನು ಹೊಲಿಸಿದ ತೆಳು ಬಟ್ಟೆ. ಅಷ್ಟು ಜನ ಅವಳನ್ನು ನೋಡುತ್ತಾ ನಿಂತಿದ್ದರು, ಅಲುಗಾಡದೆ ಇರುವುದೇ ಅವಳ ಕೆಲಸವಾದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ.

"ಏಳವ್ವಾ" ಎಂದೆ.

ಅವಳು ಕಣ್ಣು ತೆರೆಯದೆಯೇ, "ಮಮ್ಮಿ, ಇನ್ನೂ ಟೈಮ್ ಆಗಿಲ್ಲ. ಮಿಸ್ ಹೇಳಿಲ್ಲ" ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದವು.

"ಖಲಾಸ್. ಏಳು."

ಏಳಲು ನೋಡಿದಳು, ಕಾಲು ಜೋಮು ಹಿಡಿದಿತ್ತು. ನಾನೂ ಆ ಹೆಂಗಸೂ ಎರಡೂ ಕಡೆಯಿಂದ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಬಿಸಿಲಿಗೆ ಕರೆದುಕೊಂಡು ಬಂದೆವು. ಟೀಚರ್ ಹಿಂದೆಯೇ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಬಿಸಿ ಹಾಲು ತರಿಸಿದರು, ಮತ್ತೆ ಮತ್ತೆ ಕ್ಷಮೆ ಕೇಳಿದರು. ಸ್ವಲ್ಪ ಹೊತ್ತಿಗೆ ಮಗಳ ಮುಖಕ್ಕೆ ರಕ್ತ ಬಂತು. ಗೆಳತಿಯರು ಬಂದು ಸುತ್ತುವರಿದರು, ಅವಳು ನಗುತ್ತಾ ಅವರ ಜೊತೆ ಹೋದಳು. ಅವಳಿಗೆ ಏನೂ ಆಗಿರಲಿಲ್ಲ. ನಡುಗುತ್ತಿದ್ದವಳು ನಾನು.

ಅರ್ಜೆಂಟೀನಾದ ಹೆಂಗಸು ನನ್ನನ್ನು ಶಾಲೆಯ ಎದುರಿನ ಕಡಕ್ ಚಹಾದ ಅಂಗಡಿಗೆ ಕರೆದೊಯ್ದಳು. ಕಾರಿನಲ್ಲೇ ಕೂತು ಕುಡಿದೆವು. ಇಬ್ಬರದೂ ಹೊರಗಿನವರ ಇಂಗ್ಲಿಷ್, ನಿಧಾನಕ್ಕೆ ಮಾತಾಡಿದೆವು.

"ಆ ಹುಡುಗಿ ನಮ್ಮ ಊರಲ್ಲಿದ್ದಾಳೆ" ಎಂದಳು.

ನನಗೆ ಅರ್ಥವಾಗಲಿಲ್ಲ.

"ನಿಜವಾದವಳು. ಬೆಟ್ಟದಿಂದ ಅವಳನ್ನು ಕೆಳಗಿಳಿಸಿದಾಗ ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೆ. ಈಗ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ದಪ್ಪ ಗಾಜು, ಒಳಗೆ ಮಂಜುಗಡ್ಡೆಗಿಂತ ಥಂಡಿ. ಮೂರು ಮಕ್ಕಳನ್ನೂ ಒಟ್ಟಿಗೆ ತೋರಿಸುವುದಿಲ್ಲ. ಒಮ್ಮೆಗೆ ಒಬ್ಬರು."

"ನೀವು ನೋಡಿದ್ದೀರಾ?"

"ಒಂದೇ ಸಲ. ನಮ್ಮ ಅಜ್ಜಿ ಬರಲೇ ಇಲ್ಲ. ಅವಳು ಮೇಲಿನ ಹಳ್ಳಿಯವಳು. ಆ ಮಕ್ಕಳು ಸತ್ತಿಲ್ಲ, ಬೆಟ್ಟದ ಮೇಲೆ ಕೂತು ನಮ್ಮ ಊರುಗಳನ್ನು ಕಾಯುತ್ತಿದ್ದರು, ಅವರನ್ನು ಯಾಕೆ ಇಳಿಸಿದಿರಿ ಎಂದು ಬೈಯುತ್ತಿದ್ದಳು. ನಾನು ವಾದ ಮಾಡುತ್ತಿದ್ದೆ. ಕೊಂದದ್ದು ತಪ್ಪಲ್ಲವೇ ಎನ್ನುತ್ತಿದ್ದೆ. ಕೊಂದದ್ದು ಎಂಬ ಮಾತೇ ಅಜ್ಜಿಗೆ ಸೇರುತ್ತಿರಲಿಲ್ಲ. ಕೊಟ್ಟದ್ದು ಎನ್ನುತ್ತಿದ್ದಳು."

ಅವಳು ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಆ ಹುಡುಗಿಯ ಕೂದಲನ್ನು ಪರೀಕ್ಷೆ ಮಾಡಿದ್ದಾರಂತೆ, ತಿಂದದ್ದರ ಗುರುತು ಕೂದಲಲ್ಲಿ ಉಳಿಯುತ್ತದಂತೆ. ಮೊದಲು ಬಡವರ ಮನೆಯ ಆಲೂಗಡ್ಡೆ ಊಟ. ಸಾಯುವ ಒಂದು ವರ್ಷ ಮುಂಚಿನಿಂದ ಮೆಕ್ಕೆಜೋಳ, ಮಾಂಸ. ಕೊನೆಯ ವಾರಗಳಲ್ಲಿ ಹೆಂಡ, ಜಗಿದರೆ ಹಸಿವು ದಣಿವು ತಿಳಿಯದ ಕೋಕಾ ಎಲೆ. ಅಂದರೆ ಒಂದು ವರ್ಷ ಅವಳು ಯಾರದೋ ಕೈಯಲ್ಲಿ ಚೆನ್ನಾಗಿ ಉಂಡಳು. ಜೊತೆಗಿದ್ದ ಸಣ್ಣ ಹುಡುಗನ ಮೈಗೆ ಹಗ್ಗ ಬಿಗಿದಿದ್ದರಂತೆ.

"ಅವರ ತಾಯಂದಿರು?" ಎಂದು ಕೇಳಿದೆ.

"ಆ ಕಾಲದಲ್ಲಿ ಬಂದ ಸ್ಪೇನಿನವರು ಬರೆದಿಟ್ಟಿದ್ದಾರೆ. ಮಗಳನ್ನು ಆರಿಸಿದರೆ ತಾಯಿ ಅಳಬಾರದು. ಅತ್ತರೆ ಅಪರಾಧ. ಸಂತೋಷ ತೋರಿಸಬೇಕು."

ಅವಳು ಇದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು ಅಷ್ಟೇ. ನಾನು ಕಾರಿನ ಕಿಟಕಿ ಇಳಿಸಿ ಹೊರಗಿನ ಬಿಸಿ ಗಾಳಿಗೆ ಮುಖ ಒಡ್ಡಿದೆ.

ಸಂಜೆ ನಮ್ಮವರು ಸೈಟಿನಿಂದ ಬಂದು, ಬೂಟು ಬಿಚ್ಚುತ್ತಾ, ಪ್ರದರ್ಶನ ಹೇಗಾಯಿತು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಮಗಳು ಸ್ನಾನಕ್ಕೆ ಹೋಗಿದ್ದಳು. ನಾನು ನಿರೀಕ್ಷಿಸಿದಷ್ಟು ಅವರು ಬೆಚ್ಚಿಬೀಳಲಿಲ್ಲ. ಬೂಟನ್ನು ಬಾಗಿಲ ಬದಿಗಿಟ್ಟು, "ನಮ್ಮೂರಾಗ ಹೊಳಿಗೆ ಬ್ರಿಜ್ ಕಟ್ಟೋ ಮುಂದ ನಮ್ಮವ್ವ ನನ್ನ ಸಾಲಿಗೇ ಕಳಿಸಿರಲಿಲ್ಲ" ಎಂದರು.

"ಯಾಕ್ರಿ?"

"ಕಂಬ ನಿಲ್ಲಬೇಕಂದ್ರ ಹುಡುಗರ ತಲಿ ಬೇಕಂತ ಊರ ತುಂಬ ಸುದ್ದಿ. ಚೀಲ ಹಿಡಕೊಂಡು ತಿರುಗ್ಯಾಡ್ತಾರ, ಹಿಡದು ಒಯ್ತಾರ ಅಂತಿದ್ರು. ನಾವು ಹುಡುಗ್ರು ಹೊಳಿ ಕಡೆ ಮುಖ ಹಾಕತಿರಲಿಲ್ಲ."

"ನಮ್ಮ ಕಡೀಗೂ ಹಂಗ ಅಂತಿದ್ರು. ಸುಳ್ಳಲ್ಲ ಅದು? ಹುಡುಗರನ್ನ ಅಂಜಸಾಕ ಹೇಳೋ ಮಾತು."

"ಸುಳ್ಳಽ. ಆದ್ರ ದೊಡ್ಡವರೂ ಅಂಜತಿದ್ರಲ್ಲ. ಹಿಂದ ಎಂದಾದ್ರೂ ಒಮ್ಮೆ ಆಗಿರದಽ ಅಷ್ಟು ಅಂಜಿಕಿ ಎಲ್ಲಿಂದ ಬರತೈತಿ?" ಎಂದರು. ಆಮೇಲೆ ನನ್ನ ಕಡೆ ನೋಡದೆ, "ಆಯುಧ ಪೂಜಾಕ್ಕ ಕಾರಿನ ಮುಂದ ಕುಂಬಳಕಾಯಿ ಒಡೀತೀವಲ್ಲ, ಅದು ಯಾಕಂತ ತಿಳದಿ ನೀ?"

"ದೃಷ್ಟಿ ತೆಗ್ಯಾಕ."

"ತಲಿ ಬದಲಿಗೆ ಅದು. ಗುಂಡಗಿರತೈತಿ, ಒಳಗ ಕೊರದು ಕುಂಕುಮ ತುಂಬತೀವಿ. ಒಡದ್ರ ಕೆಂಪಗ ಹರೀತೈತಿ. ನಮ್ಮ ಮುತ್ಯಾ ಹೇಳಿದ್ದ."

ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಪ್ರತಿ ವರ್ಷ ಅವರು ಕಾಯಿ ಒಡೆದಾಗ, ವಾಚ್‌ಮನ್ ಗೊಣಗುವ ಮೊದಲೇ ಆ ಕೆಂಪನ್ನು ನೀರು ಹಾಕಿ ತೊಳೆಯುವವಳು ನಾನು. ಅದು ಏನೆಂದು ಯಾವತ್ತೂ ಕೇಳಿರಲಿಲ್ಲ. ಹಗಲಿಡೀ ದೂರದ, ಹಿಮದ, ಬೇರೆ ಯಾರದೋ ಕ್ರೌರ್ಯವೆಂದು ನಡುಗಿದ್ದೆ. ಅದು ನಮ್ಮ ಮನೆಯ ಪೂಜೆಯ ಸಾಮಾನಿನ ನಡುವೆ ಕುಂಬಳಕಾಯಿಯಾಗಿ ಕೂತಿತ್ತು ಎಂದರೆ ಹೇಗೆ ನಂಬುವುದು?

"ಇದನ್ನ ನೀವು ಇಷ್ಟು ವರ್ಷ ತಿಳಕೊಂಡ ಒಡದ್ರಿ?" ಎಂದೆ.

"ಯಾರೋ ಒಬ್ಬರು ತಲಿ ಬ್ಯಾಡ, ಕಾಯಿ ಸಾಕು ಅಂದಾರಲ್ಲ, ಅದನ್ನೂ ನೋಡು" ಎಂದರು ಅವರು. ಅದು ಸಮಾಧಾನದ ಮಾತೇ. ಆದರೆ ಆ ಹೊತ್ತಿಗೆ ನನಗೆ ಅದು ಇಳಿಯಲಿಲ್ಲ.

ಮರುದಿನ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ರೋಗಿಗಳು ಕಡಿಮೆ ಇದ್ದರು. ಕಂಪ್ಯೂಟರಿನಲ್ಲಿ ಹುಡುಕಿದೆ. ಆ ಹುಡುಗಿಯನ್ನೂ ಸ್ಕ್ಯಾನ್ ಮಾಡಿದ್ದರು, ಚಿತ್ರಗಳಿದ್ದವು. ಇದು ನಾನು ದಿನವೂ ನೋಡುವ ಕಪ್ಪು ಬಿಳುಪು. ಎಲುಬು ಮುರಿದದ್ದು, ಗಂಟು ಬೆಳೆದದ್ದು, ನೀರು ತುಂಬಿದ್ದು ಎಲ್ಲವನ್ನೂ ಮುಖದ ಮೇಲೆ ಏನೂ ತೋರಿಸದೆ ನೋಡುವುದನ್ನು ನಮಗೆ ಕಲಿಸಿರುತ್ತಾರೆ. ಹಾಗೆಯೇ ನೋಡಲು ಹೋದೆ. ಬೆಳೆಯುತ್ತಿರುವ ಹುಡುಗಿಯ ಎಲುಬುಗಳು. ಮುರಿತವಿಲ್ಲ. ಕೆನ್ನೆ ಮತ್ತು ಹಲ್ಲಿನ ನಡುವೆ ಏನೋ ಮುದ್ದೆ. ಅದು ಕೋಕಾ ಎಲೆ ಎಂದು ಕೆಳಗೆ ಬರೆದಿದ್ದರು. ಉಗಿಯುವಷ್ಟರಲ್ಲಿ, ನುಂಗುವಷ್ಟರಲ್ಲಿ ನಿದ್ದೆ ಬಂದಿತ್ತು. ಶ್ವಾಸಕೋಶದಲ್ಲಿ ಸೋಂಕು ಇತ್ತೆಂದು ಪರೀಕ್ಷೆ ಮಾಡಿದವರು ಹೇಳಿದ್ದರು.

ಅಂದರೆ ಅವಳಿಗೆ ಕೆಮ್ಮು ಇತ್ತು. ಊನವಿಲ್ಲದವಳು ಎಂದು ಆರಿಸಿದ ಹುಡುಗಿ ಕೆಮ್ಮುತ್ತಾ, ಉಸಿರು ಸಾಲದ ಎತ್ತರಕ್ಕೆ ಆ ಬೆಟ್ಟ ಹತ್ತಿದ್ದಳು. ಜೊತೆಗೆ ಹೋದವರಿಗೆ ಆ ಕೆಮ್ಮು ಕೇಳಿಸಿರಬೇಕು. ಯಾರೋ ನೀರು ಕೊಟ್ಟಿರಬಹುದು, ಬೆನ್ನು ಸವರಿರಬಹುದು. ಸವರಿ ಮೇಲಕ್ಕೆ ಕರೆದುಕೊಂಡು ಹೋಗಿದ್ದರು. ಇಷ್ಟು ವರ್ಷದ ಕೆಲಸದಲ್ಲಿ ನಾನು ಪರದೆಯ ಮುಂದೆ ಅತ್ತವಳಲ್ಲ. ಅವತ್ತು ಎದ್ದು ಹೋಗಿ ಮುಖ ತೊಳೆದುಕೊಂಡೆ. ಪಕ್ಕದ ಕೋಣೆಯ ಮಲಯಾಳಿ ನರ್ಸ್ ಊರಿಂದ ಕೆಟ್ಟ ಸುದ್ದಿ ಬಂತೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ.

ಮಗಳ ಜೊತೆ ಮಾತಾಡಲು ನನಗೆ ಕೆಲವು ದಿನ ಬೇಕಾಯಿತು. ಅವಳಿಗೆ ಆ ಕಥೆ ಗೊತ್ತಿಲ್ಲ, ಸುಮ್ಮನೆ ಕೂರಿಸಿದ್ದರು, ನಿಧಾನವಾಗಿ ಹೇಳಬೇಕು ಎಂದುಕೊಂಡಿದ್ದೆ. ವಾರಾಂತ್ಯಕ್ಕೆ ಅಲ್ ಖೋರ್‌ನಲ್ಲಿರುವ ನಮ್ಮೂರ ಕಡೆಯವರ ಮನೆಗೆ ಊಟಕ್ಕೆ ಹೋಗುವಾಗ ದಾರಿಯಲ್ಲಿ ಮಾತು ತೆಗೆದೆ. ನಮ್ಮವರು ಕಾರು ಓಡಿಸುತ್ತಿದ್ದರು. ನಾನು ಅವಳ ಜೊತೆ ಹಿಂದೆ ಕೂತಿದ್ದೆ.

"ಆ ಇಂಕಾ ಹುಡುಗಿ ಏನಾದಳು ಅಂತ ನಿನಗ ಗೊತ್ತೈತೇನು?"

"ಗೊತ್ತೈತಿ ಮಮ್ಮಿ. ಬೋರ್ಡ್ ಬರೆದಿದ್ದು ನಾನಽ."

ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಅಷ್ಟು ಹ್ಯಾಪಿ ಇದ್ರಿ" ಎಂದಳು. ಆಮೇಲೆ, "ಬಾಕ್ಸ್‌ನಾಗ ಭಾಳ ಕೋಲ್ಡ್ ಆಯ್ತು. ಏಳಬೇಕು ಅನಿಸ್ತು. ಆದ್ರ ಎಲ್ಲಾರೂ ನನ್ನ ನೋಡಾಕತ್ತಿದ್ರು, ಎಲ್ಲಾರೂ ಬ್ಯೂಟಿಫುಲ್ ಅನ್ನಾಕತ್ತಿದ್ರು. ಹಂಗಾಗಿ ಎದ್ದಿಲ್ಲ. ಅಕಿಗೂ ಹಂಗ ಆಗಿತ್ತೇನೋ ಅಂತ ಅನಿಸ್ತು" ಎಂದಳು.

ಮುಂದಿನ ಸೀಟಿನಲ್ಲಿ ನಮ್ಮವರು ಹಾಡು ಬರುತ್ತಿದ್ದ ರೇಡಿಯೋ ಬಂದ್ ಮಾಡಿದರು. ನಾನು ಅವಳನ್ನು ಹತ್ತಿರ ಎಳೆದುಕೊಂಡೆ. ಹದಿಮೂರರ ಹುಡುಗಿಯರಿಗೆ ಇದು ಸೇರುವುದಿಲ್ಲ, ಅವಳು ಮಾತ್ರ ಅವತ್ತು ದೂರ ಸರಿಯಲಿಲ್ಲ.

"ಇನ್ನೊಮ್ಮೆ ಥಂಡಿ ಆದ್ರ ಎದ್ದುಬಿಡು" ಎಂದೆ. "ಯಾರ ನೋಡಾಕತ್ತಿರಲಿ. ನಾನು ಖುಷಿಲೇ ನೋಡಾಕತ್ತಿದ್ರೂ ಎದ್ದು ಬಾ."

"ಓಕೆ" ಎಂದಳು.

ನನಗೆ ಅಷ್ಟಕ್ಕೇ ಬಿಡಲಾಗಲಿಲ್ಲ. "ಓಕೆ ಅಲ್ಲ, ಬರ್ತೀನಿ ಅನ್ನು."

"ಬರ್ತೀನಿ" ಎಂದಳು.